ದಾರಿ ಬಲ್ಲ ಶಿವಮಲ್ಲಪ್ಪನವರು

ವಿದ್ಯಾರಣ್ಯಪುರಂನ ಶಿವಮಲ್ಲಪ್ಪನವರು ದಾರಿ ತೋರಿಸಲು ಹೊರಟರೆ ಚಾಮುಂಡಿ ಬೆಟ್ಟವೇ ಗಾಬರಿಯಾಗಿ ಅತ್ತಿತ್ತ ಸರಿದು ನಿಲ್ಲುತ್ತಿತ್ತು. ತೊಂಬತ್ತೈದನೇ ಇಸವಿಯ ಸುಮಾರಿನಲ್ಲಿ ಪ್ರತಿ ಭಾನುವಾರವೂ ಮಂಕಿ ಕ್ಯಾಪು ತೊಟ್ಟು, ಬೀದಿಯವರನ್ನೆಲ್ಲ ಎಬ್ಬಿಸಿ, ಹಿಂದೆ ಸೌದೆ ಗಾಡಿಗಳು ಇಳಿಯುತ್ತಿದ್ದ ಕಾಡುದಾರಿಯಲ್ಲಿ ಊರು ಕಾಣುವ ಬಂಡೆಗೆ ಕರೆದೊಯ್ಯುವರು. ಪೊದೆ ಅಡ್ಡ ಬಂದರೆ ಎಡಕ್ಕೆ, ಮತ್ತೆ ಅದೇ ಪೊದೆ ಬಂದರೆ ಬಲಕ್ಕೆ. ಇನ್ನೊಂದು ಸುತ್ತಿಗೆ ಪೊದೆಗೂ ಇವರಿಗೂ ನೆಂಟಸ್ತನವೇ ಬೆಳೆದಿರುತ್ತಿತ್ತು. "ದಾರಿ ತಪ್ಪಿದ್ರಾ ಸಾರ್?" ಎಂದು ಪಕ್ಕದ ಮನೆಯ ಮಹಾಂತೇಶ್ ಕೇಳಿದರೆ, "ನಾನ್ ತಪ್ಪಿಲ್ಲ ಕಣ್ರೀ, ದಾರಿನೇ ತಪ್ಬುಟ್ಟಿದೆ" ಎನ್ನುವರು. ಬಿಸಿಲೇರಿದಾಗ ಮಾತ್ರ ಅವರ ಮುಖ ಬಾಡುತ್ತಿತ್ತು. "ಬೇಗ ಬನ್ರೀ, ಸೀರೆ ಒಣಗಿದ್ರೆ ತೆಗೆದ್ಬುಡ್ತಾಳೆ!" ಯಾವ ಸೀರೆ, ಯಾರು ತೆಗೆಯುವುದು, ಒಬ್ಬರಿಗೂ ತಿಳಿಯದು. ಒಮ್ಮೆ ಬಂಡೆಯ ಮೇಲೆ ಎಲ್ಲರೂ ಅರಮನೆ ಹುಡುಕುತ್ತಿರುವಾಗ, ಅದನ್ನೂ ಗುರುತಿಸಲಾರದ ಶಿವಮಲ್ಲಪ್ಪನವರು ಸಾವಿರಾರು ತಾರಸಿಗಳ ನಡುವಿನ ಒಂದು ಕೆಂಪು ಚುಕ್ಕೆಗೆ ನೇರವಾಗಿ ಬೆರಳು ಮಾಡಿದರು. ಮಂಡಿನೋವಿನಿಂದ ಬೆಟ್ಟ ಹತ್ತುವುದನ್ನು ಬಿಟ್ಟಿದ್ದ ಹೆಂಡತಿ ದಾಕ್ಷಾಯಣಮ್ಮ ಗುರುತಿಗೆಂದು ಮನೆಯ ತಾರಸಿಯ ಮೇಲೆ ಹರಡಿದ ಒದ್ದೆ ಸೀರೆ ಅದು. ಇವರು ಟವೆಲ್ ಬೀಸತೊಡಗಿದರು. "ಇಷ್ಟು ದೂರಕ್ಕೆ ಅವ್ರಿಗೆ ಕಾಣತ್ತಾ ಸಾರ್?" ಎಂದರು ಮಹಾಂತೇಶ್. "ಎಲ್ಲಿ ಕಾಣತ್ತೆ! ಎದುರಿಗೆ ನಿಂತ್ರೇ ನಾನು ಕಾಣಲ್ಲ. ಆದ್ರೆ ಮನೆಗೆ ಹೋದ ತಕ್ಷಣ 'ಬೀಸಿದ್ರಾ?' ಅಂತಾಳೆ. ಅವಳ ಹತ್ರ ಸುಳ್ಳು ಹೇಳಕ್ಕಾಗಲ್ಲ ಕಣ್ರೀ."