ನಾಲಿಗೆ ಸುತ್ತಿದ ಪಾಠ

ನಾನು ಹಾಗೆ ಹೇಳಿದೆನೋ, ಇಲ್ಲವೋ? ಆಣೆ ಮಾಡಿ ಹೇಳಲಾರೆ. ಖಾನಾಪುರದ ಶಾಲೆಯೊಂದರಲ್ಲಿ ಅವತ್ತು ಅತಿಥಿಯಾಗಿ ಹೋಗಿ ವಿಜ್ಞಾನದ ಪಾಠ ಮಾಡಿದವನು ನಾನೇ. ಆದರೂ!

ವಿಷಯ, ಅನುವಂಶೀಯತೆ. ಪುಸ್ತಕ ಮುಚ್ಚಿಸಿ ಮಕ್ಕಳಿಗೆ ಕನ್ನಡಿ ಹಂಚಿದೆ. (ಬೆಳಗಾವಿಯಿಂದ ಬಂದ ಎಂಎಸ್ಸಿ ಮನುಷ್ಯ ಬರಿಗೈಯಲ್ಲಿ ಹೋಗಲಾದೀತೇ?) ನಾಲಿಗೆಯನ್ನು ಕೊಳವೆಯಂತೆ ಸುತ್ತಿ ನೋಡಿ, ಮನೆಯವರದ್ದೂ ನೋಡಿ ಪಟ್ಟಿ ಮಾಡಿ ಎಂದೆ. ಇಡೀ ತರಗತಿ ನನಗೆ ನಾಲಿಗೆ ಚಾಚಿತು. ಇದಕ್ಕೆ ಈಗ 'ಚಟುವಟಿಕೆ' ಎನ್ನುತ್ತಾರೆ.

ಮೂರನೇ ದಿನ ಮುಖ್ಯಗುರುಗಳ ಫೋನ್. "ಸರ, ನಮ್ಮ ಸಾನಿಕಾನ ಮನ್ಯಾಗ ಗದ್ದಲ ಆಗೇತಿ. ಲಗೂನ ಬರ್ರಿ."

ಏಳನೇ ತರಗತಿಯ ಸಾನಿಕಾ ನಾಲಿಗೆ ಸುತ್ತುತ್ತಾಳೆ. ಅಪ್ಪನಿಗೆ ಬರುವುದಿಲ್ಲ, ಅಮ್ಮನಿಗೂ ಬರುವುದಿಲ್ಲ. ಇಬ್ಬರಿಗೂ ಬಾರದ್ದು ಮಗುವಿಗೆ ಬರಲಾರದು ಎಂದು ಸರ್ ಹೇಳಿದ್ದಾರೆ ಅಂತ ಹುಡುಗಿ ಮನೆಯಲ್ಲಿ ಪಾಠ ಒಪ್ಪಿಸಿದ್ದಾಳೆ. ತೊಟ್ಟಿಲಿಗೆ ಹಾಕಿದ ದಿನದಿಂದಲೂ 'ಈ ಮೂಗು ನಮ್ಮ ಮನೆತನದ್ದಲ್ಲ' ಎನ್ನುತ್ತಿದ್ದ ಅಜ್ಜಿಗೆ ಕೊನೆಗೂ ವಿಜ್ಞಾನದ ಬೆಂಬಲ ಸಿಕ್ಕಿತು! ಸೊಸೆ ಎರಡು ದಿನದಿಂದ ಊಟ ಬಿಟ್ಟಿದ್ದಳು.

ಅವರ ಮನೆಗೆ ಹೋಗಿ ಕುಳಿತೆ. "ಅಜ್ಜಿ, ನಾ ಹಂಗ ಅಂದೇ ಇಲ್ರೀ. ಹುಡುಗಿ ತಪ್ಪ ತಿಳ್ಕೊಂಡಾಳ."

"ಇಲ್ರೀ ಸರ, ಬೋರ್ಡ್ ಮ್ಯಾಲ ನೀವ ಬರದಿದ್ರಿ," ಎಂದಳು ಸಾನಿಕಾ.

ಅಜ್ಜಿ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಮಾಸ್ತರ, ಅವತ್ತ ಸುಳ್ಳ ಹೇಳಿದ್ರೋ, ಇವತ್ತ ಹೇಳಾಕತ್ತೀರೋ?"

"ಖರೇ ಏನೈತಿ ಅಷ್ಟ ಹೇಳ್ರಿ ಸರ," ಎಂದಳು ಸೊಸೆ, ಬಾಗಿಲಲ್ಲೇ ನಿಂತು.

ಮೊಬೈಲ್ ತೆಗೆದು ಅಲ್ಲೇ ಹುಡುಕಿದೆ. ನಾಲಿಗೆ ಸುತ್ತುವುದು ಒಂದೇ ಜೀನಿನ ಕೆಲಸವಲ್ಲವಂತೆ. ಪಡಿಯಚ್ಚಿನಂಥ ಅವಳಿಗಳಲ್ಲೇ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿರಬಹುದು. ಅಪ್ಪ ಅಮ್ಮನಿಗೆ ಬಾರದಿದ್ದರೂ ಮಗುವಿಗೆ ಬರಬಹುದು. ಮೂರು ಸಲ ಗಟ್ಟಿಯಾಗಿ ಓದಿ ಹೇಳಿದೆ. ದೇವರಿದ್ದಾನೆ ಎಂದರೂ ಸಾಕ್ಷಿ ಕೇಳುವ ಗಿರಾಕಿ ನಾನು. ಕಾಲೇಜಿನಲ್ಲಿ ಉರು ಹೊಡೆದದ್ದಕ್ಕೆ ಒಮ್ಮೆಯಾದರೂ ಸಾಕ್ಷಿ ಕೇಳಿದ್ದೆನೇ?

"ಹಂಗಾರ ಮೂಗು?" ಎಂದರು ಅಜ್ಜಿ. ಅಷ್ಟು ಸುಲಭಕ್ಕೆ ಸೋಲುವ ಪೈಕಿಯಲ್ಲ.

ಸೊಸೆ ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ತಾಟಿಗೆ ಅನ್ನ ಬಡಿಸಿಕೊಂಡಳು.

ಬೋರ್ಡಿನ ವಿಷಯದಲ್ಲಿ ಮಾತ್ರ ಸಾನಿಕಾಳದೇ ತಪ್ಪು ಎಂದು ದಾರಿಯುದ್ದಕ್ಕೂ ನಂಬಿಕೊಂಡು ಮನೆ ಸೇರಿದೆ. ಮರುದಿನ, ಆ ಪಾಠ ನಡೆಯುವಾಗ ಮುಖ್ಯಗುರುಗಳು ತೆಗೆದಿದ್ದ ಫೋಟೊ ತರಿಸಿಕೊಂಡು ನೋಡಿದೆ: ಬೋರ್ಡಿನ ಮೇಲೆ ಅದೇ ವಾಕ್ಯ, ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ.