ಅಕ್ಕನ ದಾಳಿಂಬೆಗೆ ನನ್ನ ಹೆಸರು

ತಿಪಟೂರಿನ ಫಲಪುಷ್ಪ ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆದ ಆ ಗಿಡ್ಡ ದಾಳಿಂಬೆಯನ್ನು ಬೆಳೆಸಿದ್ದು ನಾನಲ್ಲ. ನನ್ನ ಅಕ್ಕ ಗೌರಮ್ಮ. ಎಂಬತ್ತನೇ ಇಸವಿಯ ಆಸುಪಾಸಿನ ಮಾತು—ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಬಿಳಿಗೆರೆಯ ನಮ್ಮ ಮನೆಗೆ ನಾನೇ ಮೊದಲ ಪದವೀಧರ. ನಾನು ಶಾಲೆಗೆ ಹೋಗಲೆಂದು ಎಮ್ಮೆ ಕಾಯ್ದವಳು ಅಕ್ಕ. ಅವಳಿಗೆ ಅಕ್ಷರ ಬಾರದು. ನನ್ನ ಓದು ಮುಗಿದ ವರ್ಷ ಒಂದು ಪುಟ್ಟ ದಾಳಿಂಬೆಯ ಬೀಜಗಳನ್ನು ಬೂದಿಯಲ್ಲಿ ಉಜ್ಜಿ ತೊಳೆದು, ನೆರಳಲ್ಲಿ ಒಣಗಿಸಿ, ತೂತು ಕೊರೆದ ತೆಂಗಿನ ಕರಟಗಳಲ್ಲಿ ಬಿತ್ತಲು ಕೂತಿದ್ದಳು. ನಾನು—ಸಸ್ಯಶಾಸ್ತ್ರ ಓದಿದವನಲ್ಲವೇ—ಹೊಸ ತೆಂಗಿನನಾರಿನ ಪುಡಿ ತುಂಬು ಎಂದೆ.

"ಹಸಿ ಪುಡಿ ಒಗರು ಕಣ್ಲಾ, ಬೇರು ಸುಟ್ಟೋಯ್ತದೆ. ಮಳೇಲಿ ನೆಂದ ಹಳೇ ಪುಡಿ ಬೇಕು. ಅದ ಹೇಳ್ಕೊಡ್ಲಿಲ್ವಾ ನಿಮ್ ಕಾಲೇಜ್ನಾಗೆ, ಬಿಎಸ್ಸಿ ಸಾಯೇಬ್ರೆ?"

ಹಠಕ್ಕೆ ಹತ್ತು ಕರಟ ನನ್ನ ರೀತಿಯಲ್ಲೇ ತುಂಬಿದೆ. ಮೊಳೆತವು, ಹಳದಿಯಾದವು, ಸತ್ತವು. ಅವಳವು ಚಿಗುರಿದವು. ಬೇರು ಅಲುಗದಂತೆ ಕರಟ ಒಡೆದು ಎಣ್ಣೆ ಡಬ್ಬಗಳಿಗೆ ಇಳಿಸಿದಳು. ಎರಡನೇ ವರ್ಷ ಮೊಣಕಾಲೆತ್ತರದ ಗಿಡದಲ್ಲಿ ನಿಂಬೆಗಾತ್ರದ ಹಣ್ಣುಗಳು!

ಪ್ರದರ್ಶನದ ದಿನ ಅಕ್ಕ ಗಿಡಕ್ಕೆ ನೀರು ತರಲು ನಲ್ಲಿಗೆ ಹೋಗಿದ್ದಳು. ತೀರ್ಪುಗಾರರೊಬ್ಬರು ಬಂದು, "ಯಾರ್ರೀ ಬೆಳೆಸಿದ್ದು?" ಎಂದರು.

"ನಾನೇ ಸಾರ್. ಬಿಎಸ್ಸಿ ಮಾಡಿದ್ದೀನಿ."

"ನೋಡಿ, ಓದಿದ ಕೈ ಅಂದ್ರೆ ಇದು!" ಎಂದು ಬಹುಮಾನದ ಚೀಟಿಯಲ್ಲಿ ನನ್ನ ಹೆಸರು, ಪದವಿ ಬರೆದು ಗಿಡಕ್ಕೆ ಕಟ್ಟಿದರು.

ಎಂಥ ಮಾತು! ಓದಿದ ಕೈ ಹತ್ತು ಗಿಡ ಕೊಂದಿತ್ತು. ಈಗಲೂ ಮೈ ಉರಿಯುತ್ತದೆ—ಆ ಮನುಷ್ಯನಿಗೇನು ಗೊತ್ತು—ತಲೆಯಾಡಿಸಿ ನಿಂತೆನಲ್ಲ, ನಾನು!

ಅಷ್ಟಕ್ಕೇ ನಿಲ್ಲಿಸಿದ್ದರೆ... ಅಕ್ಕ ಬಂದಳು. ಗಿಡಕ್ಕೆ ಕಟ್ಟಿದ್ದ ಬಹುಮಾನದ ಚೀಟಿ ಹಿಡಿದು, "ನನ್ ಹೆಸ್ರು ಎಲ್ಲೈತ್ಲಾ?" ಎಂದಳು. ನನ್ನ ಹೆಸರಿನ ಪಕ್ಕದಲ್ಲಿ ಇಂಗ್ಲಿಷಿನಲ್ಲಿದ್ದ ಬಿ.ಎಸ್‌ಸಿ. ಮೇಲೆ ಬೆರಳಿಟ್ಟೆ. "ಇಗೋ, ಇಂಗ್ಲಿಷಲ್ಲಿ ಬರ್ದವ್ರೆ."

"ಗೌರಮ್ಮ ಅಂದ್ರೆ ಇಷ್ಟೇನಾ? ಜಿಪುಣ್ರು ಬುಡು!" ನಕ್ಕಳು. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಆ ಮೂರು ಅಕ್ಷರಗಳನ್ನು ಮುಟ್ಟಿದಳು.

ಚೀಟಿ ಇಂದಿಗೂ ಅವಳ ದೇವರ ಗೂಡಿನಲ್ಲಿದೆ. ನನ್ನ ಪದವಿಯ ಮೇಲೆ ಅವಳಿಟ್ಟ ಕುಂಕುಮ.

ಇಲ್ಲಿ ಬರೆದುಬಿಟ್ಟರೆ ಮುಗಿಯಿತೇ? ಓದಲಾರದವಳಿಗೆ ಮಾಡಿದ ಮೋಸವನ್ನು ಓದಬಲ್ಲವರ ಮುಂದೆ ಒಪ್ಪಿಕೊಳ್ಳುವುದು—ಅದೂ ಹೇಡಿತನವೇ. ನಾಳೆ ಮೊದಲ ಬಸ್ಸಿಗೆ ಬಿಳಿಗೆರೆಗೆ ಹೋಗುತ್ತೇನೆ. ಆ ಚೀಟಿಯನ್ನು ಗೂಡಿನಿಂದ ಇಳಿಸಿ, ಅವಳೆದುರು ಕೂತು ಓದುತ್ತೇನೆ. ಬರೆದಿರುವಂತೆಯೇ.