ತಾತನ ಕಬ್ಬಿಣದ ಕೈ

ಆ ಕೋಪ ಇನ್ನೂ ಆರಿಲ್ಲ, ಆರುವುದೂ ಬೇಡ.

ಮಹಾರಾಜರ ಕಾಲ. ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರು ಒಂದು ದಿನ ಬೋರ್ಡಿನ ಮೇಲೆ ‘ರೂಲ್ ವಿತ್ ಆನ್ ಐರನ್ ಹ್ಯಾಂಡ್’ ಎಂದು ಬರೆದರು. ಕಬ್ಬಿಣದ ಕೈಯಿಂದ ಆಳುವುದು. ಅಂದರೆ ಕೈಕೆಳಗಿನವರು ಉಸಿರೆತ್ತದಂತೆ ಅದುಮಿಡುವುದು ಎಂದು ಅರ್ಥ ಹೇಳಿ, ಒಂದು ವಾಕ್ಯ ಮಾಡಿ ಎಂದರು. ಉಳಿದವರೆಲ್ಲ ಯಾವುದಾದರೂ ರಾಜನನ್ನು ಹುಡುಕಿದರು. ನನಗೆ ಆ ಕಷ್ಟವಿರಲಿಲ್ಲ. ‘ನನ್ನ ತಾತ ನಮ್ಮ ಮನೆಯನ್ನು ಕಬ್ಬಿಣದ ಕೈಯಿಂದ ಆಳುತ್ತಾನೆ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ.

ಆಗ ರಾಗಿ ಬಡಿಯುವ ಕಾಲ. ನಿಡುಗಲ್ಲಿನಲ್ಲಿ ಅವ್ವನ ತಾಯಿ ಹಾಸಿಗೆ ಹಿಡಿದಿದ್ದಳು. ಅವ್ವನನ್ನು ಕರೆದೊಯ್ಯಲು ಸೋದರಮಾವ ಎರಡು ಸಲ ಗಾಡಿ ಕಟ್ಟಿಕೊಂಡು ಬಂದು, ಜಗಲಿಯಲ್ಲಿ ಕೂತು ಕೂತು ಹಿಂತಿರುಗಿದ್ದ. ಕಣದಲ್ಲಿ ರಾಶಿ ಇರುವ ತನಕ ಹಿರಿಸೊಸೆ ಊರ ಗಡಿ ದಾಟಬಾರದು, ದಾಟಿದರೆ ರಾಶಿಯ ಹುಲುಸು ಅವಳ ಹಿಂದೆಯೇ ಹೋಗುತ್ತದೆ ಎಂಬುದು ನಮ್ಮ ಮನೆಯ ಕಟ್ಟಳೆ. ರಾಗಿಗೂ ಕಾಲಿದೆಯಂತೆ! ಅವ್ವ ಬಾಯಿ ಬಿಡಲಿಲ್ಲ. ಅಪ್ಪನಿಗಂತೂ ಬಾಯಿಯೇ ಇರಲಿಲ್ಲ.

ಸಂತೆಯಲ್ಲಿ ಸಿಕ್ಕ ತಾತನಿಗೆ ಮೇಷ್ಟರು ನನ್ನ ವಾಕ್ಯವನ್ನು ಹೇಳಿಬಿಟ್ಟರು. ತಾತನ ಮೀಸೆ ನೋಡಿದ ಮೇಲೆ ಧೈರ್ಯ ಸಾಲಲಿಲ್ಲವೇನೋ, ‘ಗಟ್ಟಿ ಯಜಮಾನಿಕೆ’ ಎಂದು ಅರ್ಥಕ್ಕೆ ಬೆಣ್ಣೆ ಸವರಿದರು. ಹೇಡಿ! ತಾತ ಹಿರಿಹಿರಿ ಹಿಗ್ಗಿದ. ಸಂಜೆ ಜಗಲಿಯ ಮೇಲೆ ನಾಲ್ಕು ಜನರ ಮುಂದೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, “ಇಂಗ್ಲೀಸಲ್ಲಿ ನನ್ನ ಬಗ್ಗೆ ಬರ್ದವ್ನೆ ಕಣ್ರಲಾ! ಏನ್ ಬೇಕು ಕೇಳ್ಲಾ” ಎಂದ.

“ಅವ್ವುನ್ನ ನಿಡುಗಲ್ಗೆ ಕಳ್ಸು ತಾತ. ಅಜ್ಜಿನ ನೋಡ್ಕಂಡ್ ಬತ್ತಾಳೆ” ಎಂದೆ.

ತಾತ ಗಹಗಹಿಸಿ ನಕ್ಕ. “ಕಬ್ಬಿಣದ ಕೈ ಅಂತ ನೀನೇ ಬರ್ದ್ಬುಟ್ಟು, ಈಗ ಸಡ್ಲ ಬುಡು ಅಂದ್ರೆ ಹೆಂಗ್ಲಾ?”

ಕೂತಿದ್ದವರೂ ನಕ್ಕರು. ಅವರ ಬಾಯಿಗೆಲ್ಲ ಮಣ್ಣು ತುರುಕಬೇಕೆನಿಸಿತು. ಸುಮ್ಮನೆ ಕೂತಿದ್ದೆ.

ರಾಶಿ ಮನೆಗೆ ಬಂದ ದಿನವೇ ನಿಡುಗಲ್ಲಿನಿಂದ ಸಾವಿನ ಸುದ್ದಿಯೂ ಬಂತು. ಈಗ ಅವ್ವನನ್ನು ಕಳಿಸಲು ತಾತನದೇನೂ ಅಡ್ಡಿಯಿರಲಿಲ್ಲ. ಗಾಡಿ ಹತ್ತುವ ಮುಂಚೆ ಅವ್ವ ನನ್ನನ್ನು ಕರೆದು, ಇಂಗ್ಲಿಷಿನಲ್ಲಿ ನಾನು ಬರೆದದ್ದೇನೆಂದು ಕೇಳಿದಳು.

“ತಾತ ನಮ್ಮನ್ನೆಲ್ಲ ತುಳೀತಾನೆ ಅಂತ ಬರ್ದಿದ್ದೆ ಕಣವ್ವ.”



“ಅಂಗಾರೆ ಅವತ್ತು ಜಗಲಿ ಮ್ಯಾಲೆ ಅದ್ನ ಯಾಕ್ಲಾ ಹೇಳ್ಲಿಲ್ಲ?” ಎಂದಳು.